ಕುಪ್ಪುಸಾಮಿ ಮಾವ ಪವರ್ ಸಪ್ಲೈ ನೋಡಲು ಹೋದದ್ದು

ಜಯಪ್ರಿಯಾಳ ಕಂಪ್ಯೂಟರಿನ ಹೊಟ್ಟೆಯೊಳಗಿಂದ ‘ಟಪ್’ ಎಂದು ಸದ್ದು ಬಂತು. ಪರದೆಯ ಮೇಲೆ ಮೆಲ್ಲಗೆ ತಿರುಗುತ್ತಿದ್ದ ಹಳದಿ ಅಂಗಿ ನಡುದಾರಿಯಲ್ಲೇ ಮಾಯವಾಗಿ ಎಲ್ಲ ಕಪ್ಪಾಯಿತು. ಹಿಂದೆಯೇ ವಾಸನೆ.

“ಏನ್ ಕಣ್ಣು, ಅಲ್ಲಿ ಯಾವುದು ತಳ ಹಿಡೀತು?” ಅಡುಗೆಮನೆಯಿಂದ ಅತ್ತೆ ಬೆಳ್ಳಿಯಮ್ಮ ಕೂಗಿದರು. ಅತ್ತೆ ಮಾವ ಸೊಸೆಯನ್ನು ಕರೆಯುತ್ತಿದ್ದದ್ದೇ ಮುದ್ದಿಗೆ ‘ಕಣ್ಣು’ ಎಂದು.

“ನಿಮ್ಮ ಮಗ ತಂದ ಸಾವಿರ ವ್ಯಾಟ್ ಅತ್ತೆ,” ಎಂದಳು ಜಯಪ್ರಿಯಾ. ಹೇಳುತ್ತಲೇ ಗೋಡೆಯ ಸ್ವಿಚ್ ಆರಿಸಿ, ಕಿಟಕಿ ತೆರೆದು, ಸೆರಗಿನಿಂದ ಹೊಗೆ ಬೀಸತೊಡಗಿದಳು.

ತಮಿಳುನಾಡಿನ ಕುನ್ನತ್ತೂರಿನಲ್ಲಿದ್ದ ಆ ಕನ್ನಡದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವಳು ಮಕ್ಕಳ ಅಂಗಿಗಳಿಗೆ ಚಿತ್ರ ಬರೆಯಲು ಶುರುಮಾಡಿ ಆರು ವರ್ಷವಾಗಿತ್ತು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಗೆ ಮೋಡ, ಮಾವಿನಹಣ್ಣು, ಛತ್ರಿ ಹಿಡಿದ ಕಪ್ಪೆ, ಏನು ಕೇಳಿದರೆ ಅದು. ಇಷ್ಟು ದಿನ ಚಿತ್ರವನ್ನು ಚಪ್ಪಟೆಯಾಗಿ ಕಳಿಸಿದರೆ ಸಾಕಿತ್ತು. ಈ ವರ್ಷ ಕಂಪನಿಯಲ್ಲಿ ಡಿಸೈನ್ ನೋಡಿಕೊಳ್ಳುವ ಸೆಲ್ವಕುಮಾರ್ ಫೋನ್ ಮಾಡಿ, ಹೊರದೇಶದ ಗಿರಾಕಿಗಳಿಗೆ ಇನ್ನು ಮೇಲೆ ಅಂಗಿ ತಿರುಗಬೇಕಂತೆ ಅಂದ. ಕಣ್ಣಿಗೆ ಕಾಣದ ಮಗುವೊಂದು ಅಂಗಿ ತೊಟ್ಟು ಸುತ್ತುತ್ತಿರಬೇಕು, ಬಟ್ಟೆ ಸುಕ್ಕಾಗಬೇಕು, ತೋಳು ಅಲ್ಲಾಡಬೇಕು. ಅದಕ್ಕೆ ತಕ್ಕ ಸಾಫ್ಟ್‌ವೇರ್ ಬಂತು. ಸಾಫ್ಟ್‌ವೇರಿಗೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಬಂತು. ಆ ಕಾರ್ಡಿನ ಹಸಿವು ತೀರಿಸುವ ಶಕ್ತಿ ಮಾತ್ರ ಹಳೆಯ ಪವರ್ ಸಪ್ಲೈಗೆ ಇರಲಿಲ್ಲ. ಗೋಡೆಯಿಂದ ಬರುವ ಕರೆಂಟನ್ನು ಹದ ಮಾಡಿ, ಕಂಪ್ಯೂಟರಿನ ಒಂದೊಂದು ಭಾಗಕ್ಕೂ ಎಷ್ಟು ಬೇಕೋ ಅಷ್ಟು ಬಡಿಸುವ ಕಬ್ಬಿಣದ ಡಬ್ಬಿ ಅದು. ಆರು ವರ್ಷದ ಹಿಂದೆ ತಂದದ್ದು, ಇಬ್ಬರಿಗೆ ಅಡುಗೆ ಮಾಡಿದ ಮನೆಗೆ ಮದುವೆ ದಿಬ್ಬಣ ಬಂದ ಹಾಗೆ ತಬ್ಬಿಬ್ಬಾಗಿತ್ತು.

“ಅದೊಂದು ಡಬ್ಬಿ ತಾನೆ, ನಾನು ತರ್ತೀನಿ ಬಿಡು,” ಅಂದಿದ್ದ ಗಂಡ ಈಶ್ವರನ್. ಅವನದು ಕೊಬ್ಬರಿ ವ್ಯಾಪಾರ. ಸುತ್ತಲ ತೋಟಗಳಿಂದ ಕೊಬ್ಬರಿ ಕೊಂಡು ಕಾಂಗೇಯದ ಎಣ್ಣೆ ಗಾಣಗಳಿಗೆ ಹಾಕುವುದು. ಹಾಗೆ ಹೋದವನು ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗೆಳೆಯ ಸತೀಶ್ ಕುಮಾರ್ ಹತ್ತಿರ ಒಂದು ಡಬ್ಬಿ ಹಿಡಿದು ತಂದ. ಅದರ ಮೈಮೇಲೆ ‘1000W’ ಎಂದು ಅಂಗೈಯಷ್ಟು ದೊಡ್ಡ ಅಕ್ಷರ. ಒಳಗೆ ಏಳು ಬಣ್ಣದಲ್ಲಿ ಮಿನುಗುವ ಫ್ಯಾನು. ಯಾವ ಕಂಪನಿಯದು ಅಂತ ಕೇಳಿದರೆ, “ಸಾವಿರ ವ್ಯಾಟ್ ಅಂತ ಬರ್ದಿದ್ಯಲ್ಲ, ಮತ್ತೇನು ಬೇಕು ನಿನಗೆ?” ಅಂದ. ಎರಡು ದಿನ ಅದು ಬಣ್ಣಬಣ್ಣವಾಗಿ ಮಿನುಗಿತು. ಅಂಗಿ ತಿರುಗಿಸಲು ಹೋದಾಗಲೆಲ್ಲ ಕಂಪ್ಯೂಟರ್ ತಾನಾಗಿ ಆರಿ, ತಾನಾಗಿ ಹೊತ್ತಿತು. ಮೂರನೆಯ ದಿನ ಟಪ್ಪಂತು.

ಸದ್ದು ಕೇಳಿ ಜಗಲಿಯಿಂದ ಮಾವ ಕುಪ್ಪುಸಾಮಿ ಒಳಗೆ ಬಂದರು. ಮೂವತ್ತೈದು ವರ್ಷ ಕಾಂಗೇಯದ ಹೋರಿಗಳ ದಲ್ಲಾಳಿಯಾಗಿದ್ದವರು. ಸಂತೆಯಿಂದ ಸಂತೆಗೆ ನಡೆದು ಮಂಡಿ ಸವೆದ ಮೇಲೆ ಮನೆ ಹಿಡಿದಿದ್ದರು. ಈಗ ಅವರಿಗಿದ್ದದ್ದು ಹಿತ್ತಲಲ್ಲಿ ಒಂದೇ ಒಂದು ಕರು, ಮತ್ತೆ ಎಲ್ಲ ವಿಷಯದಲ್ಲೂ ಒಂದೊಂದು ಅಭಿಪ್ರಾಯ. ಜಯಪ್ರಿಯಾ ಬಿಚ್ಚಿ ತೆಗೆದ ಡಬ್ಬಿಯನ್ನು ಅವರು ಎರಡು ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದರು. ಆಮೇಲೆ ಹಳೆಯ ಡಬ್ಬಿಯನ್ನು ಎತ್ತಿ ನೋಡಿದರು.

“ಇದೇನು ಕಣ್ಣು, ಹಳೇದು ಇಷ್ಟು ಭಾರ ಇದೆ. ಅದಕ್ಕಿಂತ ಮೂರು ಪಟ್ಟು ಶಕ್ತಿ ಅಂತ ಬರ್ಕೊಂಡಿರೋದು ಬೆಂಡಿನ ಹಂಗಿದೆ. ಹೊಟ್ಟೇಲಿ ಏನೂ ಇಲ್ಲ ಇದಕ್ಕೆ.”

“ಈಗ ಎಲ್ಲ ಹಗುರಾನೇ ಬರೋದು ಅಪ್ಪಾ,” ಎಂದ ಆಗ ತಾನೇ ಬಂದ ಈಶ್ವರನ್. ಹೊಗೆಯ ವಾಸನೆಗೆ ಮೂಗು ಮುಚ್ಚಿಕೊಂಡೇ ಗೆಳೆಯನ ಪರ ನಿಂತಿದ್ದ. “ಸತೀಶು ಮೋಸ ಮಾಡೋನಲ್ಲ.”

“ಅವನು ಮಾಡದೆ ಇರಬೋದು. ಅವನಿಗೆ ಯಾರು ಮಾಡಿದ್ರು ಅಂತ ಅವನಿಗೆ ಗೊತ್ತಾ? ನೀನು ಕೊಬ್ಬರಿ ನೋಡು, ಸಾಕು. ನಾಳೆ ನಾನೂ ಸೊಸೇನೂ ಕೋಯಮತ್ತೂರಿಗೆ ಹೋಗ್ತೀವಿ.”

ಬೇಡ ಅನ್ನುವ ಮಾತು ಜಯಪ್ರಿಯಾಳ ಬಾಯಿತುದಿಗೆ ಬಂತು. ಮಾವನ ಜೊತೆ ಸೀರೆ ಅಂಗಡಿಗೆ ಹೋದವರ ಕಥೆ ಆ ಮನೆಯಲ್ಲಿ ಇನ್ನೂ ಹೇಳಿ ಮುಗಿದಿರಲಿಲ್ಲ. ಆದರೆ ಸೆಲ್ವಕುಮಾರ್ ಕೊಟ್ಟ ಗಡುವಿಗೆ ಐದೇ ದಿನ ಉಳಿದಿತ್ತು. ಡಬ್ಬಿ ಸುಟ್ಟಾಗ ಹೊಸ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತೋ ಏನೋ, ಅದೂ ಗೊತ್ತಿಲ್ಲ. ಕಾರ್ಡನ್ನು ಹಳೆಯ ನೂಲಿನ ಟವೆಲಿನಲ್ಲಿ ಸುತ್ತಿ, ಸತ್ತ ಡಬ್ಬಿಯನ್ನು ಚೀಲಕ್ಕೆ ಹಾಕಿ, ಬೆಳಗಿನ ಬಸ್ಸಿಗೆ ಮಾವನ ಜೊತೆ ಹತ್ತಿದಳು. ದಾರಿಯುದ್ದಕ್ಕೂ ಕುಪ್ಪುಸಾಮಿ ಕಿಟಕಿಯಿಂದ ಹೊರಗೆ ನೋಡುತ್ತ, ಮೇಯುತ್ತಿದ್ದ ದನಗಳಿಗೆಲ್ಲ ವಯಸ್ಸು ಹೇಳಿದರು. ಅವಿನಾಶಿ ದಾಟಿದ ಮೇಲೆ ದನಗಳು ಕಡಿಮೆಯಾದವು, ಮಾವನಿಗೆ ನಿದ್ದೆ ಬಂತು.

ಕೋಯಮತ್ತೂರಿನ ಗಾಂಧಿಪುರದಲ್ಲಿ ಇಳಿದು ಮೊದಲು ಹೊಕ್ಕದ್ದು ಗಾಜಿನ ಬಾಗಿಲ ದೊಡ್ಡ ಅಂಗಡಿ. ಟೈ ಕಟ್ಟಿದವನೊಬ್ಬ ಬಂದು ತಮಿಳಿನಲ್ಲಿ ನಮಸ್ಕರಿಸಿ, ಕಪಾಟಿನಿಂದ ಸಾಲಾಗಿ ಆರು ಪೆಟ್ಟಿಗೆ ಇಳಿಸಿದ. ಇದು ನೀಲಿ ಬೆಳಕಿನದು, ಇದು ಕೆಂಪು, ಇದು ರಿಮೋಟಿನಲ್ಲಿ ಬಣ್ಣ ಬದಲಾಯಿಸುವಂಥದು.

“ಒಂದು ಬಿಚ್ಚಿ ತೋರ್ಸಿ,” ಅಂದರು ಕುಪ್ಪುಸಾಮಿ.

“ಪೆಟ್ಟಿಗೆ ಬಿಚ್ಚಬಹುದು ಅಯ್ಯಾ, ನೋಡಿ.”

“ಪೆಟ್ಟಿಗೆ ಅಲ್ಲಪ್ಪ. ಡಬ್ಬಿ ಬಿಚ್ಚು. ಒಳಗೆ ನೋಡಬೇಕು.”

“ಡಬ್ಬಿ ಬಿಚ್ಚಿದರೆ ವಾರಂಟಿ ಹೋಗುತ್ತೆ ಅಯ್ಯಾ.”

“ಹಂಗಾದ್ರೆ ನೀನು ಒಳಗೆ ನೋಡಿದೀಯ?”

ಅವನು ನೋಡಿರಲಿಲ್ಲ. ಅಂಗಡಿಯಲ್ಲಿ ಯಾರೂ ನೋಡಿರಲಿಲ್ಲ. ಮುಂದಿನ ಕಾಲು ಗಂಟೆ ಕುಪ್ಪುಸಾಮಿ ಒಂದೊಂದು ಡಬ್ಬಿಯನ್ನೂ ಎತ್ತಿ ತೂಗಿದರು, ಬೆರಳಿನಿಂದ ಬಡಿದು ಕಿವಿಗೊಟ್ಟರು, ಒಂದರ ಫ್ಯಾನನ್ನು ಊದಿ ತಿರುಗಿಸಿದರು, ಇನ್ನೊಂದರ ತಂತಿಗಳನ್ನು ಹೋರಿಯ ಹಿಂಗಾಲು ಹಿಡಿದು ನೋಡಿದ ಹಾಗೆ ಎಳೆದು ನೋಡಿದರು. ಬೇರೆ ಗಿರಾಕಿಗಳು ಸುತ್ತ ನಿಂತರು. ಜಯಪ್ರಿಯಾ ಒಂದು ಕೀಬೋರ್ಡಿನ ಬೆಲೆ ಚೀಟಿಯನ್ನು ಎಲ್ಲಿಲ್ಲದ ಆಸಕ್ತಿಯಿಂದ ಓದುತ್ತ ದೂರ ನಿಂತಳು. ಕೊನೆಗೆ ಟೈ ಕಟ್ಟಿದವನು ಕೈ ಮುಗಿದ. “ಅಯ್ಯಾ, ಪಕ್ಕದ ಸಂದಿಯಲ್ಲಿ ಮಹಡಿ ಮೇಲೆ ಶಿವಗಾಮಿ ಅಕ್ಕ ಅಂತ ಇದ್ದಾರೆ. ಇವನ್ನೆಲ್ಲ ಬಿಚ್ಚಿ ರಿಪೇರಿ ಮಾಡೋರು. ನೀವು ಅಲ್ಲಿಗೇ ಹೋದರೆ ಒಳ್ಳೇದು.”

ಸಂದಿ ಕಿರಿದು, ಮೆಟ್ಟಿಲು ಇನ್ನೂ ಕಿರಿದು. ಮೇಲಿನ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು, ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟು, ನೆಗಮದ ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆಸುಗೆ ಹಾಕುತ್ತ ಕೂತಿದ್ದರು. ಗೋಡೆಯುದ್ದಕ್ಕೂ ಮುಚ್ಚಳ ತೆಗೆದ ಪವರ್ ಸಪ್ಲೈಗಳು ಕರುಳು ತೋರಿಸುತ್ತ ಕೂತಿದ್ದವು. ಕುಪ್ಪುಸಾಮಿಗೆ ಸ್ವರ್ಗ ಕಂಡ ಹಾಗಾಯಿತು. ಜಯಪ್ರಿಯಾ ತಮಿಳಿನಲ್ಲಿ ಕಥೆಯೆಲ್ಲ ಹೇಳಿ ಸತ್ತ ಡಬ್ಬಿ ಮುಂದಿಟ್ಟಳು. ಶಿವಗಾಮಿ ನಾಲ್ಕು ತಿರುಪು ಬಿಚ್ಚಿ ಮುಚ್ಚಳ ಎತ್ತಿದರು. ಒಳಗೆ ಮುಕ್ಕಾಲು ಭಾಗ ಖಾಲಿ ಜಾಗ. ಒಂದು ಮೂಲೆಯಲ್ಲಿ ಹೊಟ್ಟೆ ಒಡೆದ ಪುಟ್ಟ ಕೆಪಾಸಿಟರ್, ಅದರ ಸುತ್ತ ಕಂದು ರಸ.

“ಇದು ಇನ್ನೂರು ವ್ಯಾಟ್ ಕೊಟ್ಟಿದ್ರೆ ಹೆಚ್ಚು,” ಅಂದರು. “ಉಳಿದ ಎಂಟುನೂರು ಬರೀ ಸ್ಟಿಕ್ಕರಿನಲ್ಲಿದೆ.”

“ನಾನು ಎತ್ತಿದ ಕೂಡಲೇ ಹೇಳ್ದೆ, ತೂಕ ಇಲ್ಲ ಅಂತ!” ಕುಪ್ಪುಸಾಮಿ ತೊಡೆ ತಟ್ಟಿದರು.

ಶಿವಗಾಮಿ ಮೂಲೆಯಿಂದ ಇನ್ನೊಂದು ಡಬ್ಬಿ ತಂದು ಅವರ ಕೈಗೆ ಕೊಟ್ಟರು. “ಇದು ಹೇಗಿದೆ ನೋಡಿ ಅಯ್ಯಾ.”

ಕುಪ್ಪುಸಾಮಿ ಎತ್ತಿದರು. ಕಣ್ಣು ಅರ್ಧ ಮುಚ್ಚಿ ತೂಗಿದರು. “ಇದು ಗಟ್ಟಿ ಸಾಮಾನು. ಕಣ್ಣು ಮುಚ್ಕೊಂಡು ತಗೋಬೋದು.”

ಶಿವಗಾಮಿ ಅದರ ಮುಚ್ಚಳ ತೆಗೆದರು. ಒಳಗೆ ಅದೇ ಬಡಕಲು ಸರ್ಕ್ಯೂಟ್, ಪಕ್ಕದಲ್ಲಿ ಅಂಟು ಹಾಕಿ ಕೂರಿಸಿದ ಒಂದು ಕಬ್ಬಿಣದ ತುಂಡು. ಅದಕ್ಕೆ ಯಾವ ತಂತಿಯೂ ಹೋಗಿರಲಿಲ್ಲ. ಬರೀ ತೂಕಕ್ಕೆ ಇಟ್ಟದ್ದು.

ಕುಪ್ಪುಸಾಮಿ ಆ ತುಂಡನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ನಿಲ್ಲಲೇ ಇಲ್ಲ. ಜಯಪ್ರಿಯಾ ನೀರು ಕೊಡಬೇಕಾಯಿತು.

“ಸಂತೆ ದಿನ ಬೆಳಿಗ್ಗೆ,” ಅಂದರು ಕಣ್ಣೊರೆಸಿಕೊಳ್ಳುತ್ತ, “ಬಡಕಲು ಹೋರಿಗೆ ಉಪ್ಪು ನೆಕ್ಕಿಸಿ ಎರಡು ಬಕೆಟ್ ನೀರು ಕುಡಿಸೋರು. ಹೊಟ್ಟೆ ಹಿಂಗೆ ಉಬ್ಬೋದು. ಕೊಂಡೋನು ಮನೆಗೆ ಹೋಗೋಷ್ಟರಲ್ಲಿ ಎಲ್ಲ ದಾರೀಲೇ ಇಳಿದೋಗೋದು.”

“ಮಾಡೋರು ಅಂತೀರಲ್ಲ ಮಾವ, ಯಾರು?” ಎಂದಳು ಜಯಪ್ರಿಯಾ.

“ಮಾಡೋರು,” ಅಂದರು ಮಾವ, ಕಿಟಕಿಯ ಕಡೆ ತಿರುಗಿ. “ಒಂದು ಸಲ. ಆಗ ವಯಸ್ಸು ಚಿಕ್ಕದು.”

ಅಷ್ಟರಲ್ಲಿ ಶಿವಗಾಮಿ ಟವೆಲು ಬಿಚ್ಚಿ ಗ್ರಾಫಿಕ್ಸ್ ಕಾರ್ಡನ್ನು ಹೊರತೆಗೆದು, ತಮ್ಮ ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿದರು. ಸ್ವಿಚ್ ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಜಯಪ್ರಿಯಾ ಮೇಜಿನ ಹತ್ತಿರಕ್ಕೆ ಸರಿದಳು. ಆ ಕಾರ್ಡಿಗಾಗಿ ಅವಳು ಎರಡು ದೀಪಾವಳಿ ಸೀರೆ ಬಿಟ್ಟಿದ್ದಳು, ಅತ್ತೆಗೆ ಹೇಳದೆ ಒಂದು ಚೀಟಿ ಎತ್ತಿದ್ದಳು. ಮಾವನೂ ನಗು ನಿಲ್ಲಿಸಿ ಮುಂದಕ್ಕೆ ಬಾಗಿದರು. ಶಿವಗಾಮಿ ಒಂದು ತಂತಿಯನ್ನು ತೆಗೆದು ಮತ್ತೆ ಒತ್ತಿ ಕೂರಿಸಿದರು. ಪರದೆ ಬೆಳಗಿತು.

“ಬದುಕಿದೆ. ನಿಮ್ಮ ಪುಣ್ಯ.” ಅವರು ಕಾಗದ ಎಳೆದುಕೊಂಡರು. “ಈಗ ಹೇಳಿ. ಕಂಪ್ಯೂಟರಿನಲ್ಲಿ ಏನು ಕೆಲಸ?”

ಜಯಪ್ರಿಯಾ ಬಾಯಿ ತೆರೆಯುವ ಮುಂಚೆ ಮಾವ ಶುರುಮಾಡಿದರು. ಮನೆಯಲ್ಲಿ ಕೂತು ಏನೋ ಬೊಂಬೆ ಬರೀತಾಳೆ ಅನ್ನುತ್ತಾರೆ ಎಂದು ಅವಳು ಕಾದಳು. ನೆಂಟರ ಮುಂದೆ ಅವರು ಹೇಳುತ್ತಿದ್ದದ್ದು ಅದನ್ನೇ.

“ತಿರುಪ್ಪೂರಿಗೆ ಡಿಸೈನ್ ಮಾಡ್ತಾಳೆ. ಬೆಳಿಗ್ಗೆ ನಾನು ಕರು ಬಿಚ್ಚಿ ಕಟ್ಟೋ ಹೊತ್ತಿಗೆ ಕೂತ್ರೆ ದೀಪ ಹಚ್ಚೋವರೆಗೂ ಏಳಲ್ಲ. ನಡುವೆ ಒಂದು ಗಂಟೆ ಅಡುಗೆ. ಅಂಗಿ ತಿರುಗಿಸೋವಾಗ ಮೆಷೀನು ಬಹಳ ಬಿಸಿ ಆಗುತ್ತೆ, ಫ್ಯಾನು ಕೂಗುತ್ತೆ. ಒಂದು ಅಂಗಿ ತಿರುಗಿ ಮುಗಿಯೋಕೆ ನಲವತ್ತು ನಿಮಿಷ. ಆವಾಗ ನಿಂತೋದ್ರೆ ಮೊದಲಿಂದ. ಈ ಮೂರು ದಿನದಲ್ಲಿ ಹನ್ನೊಂದು ಸಲ ನಿಂತಿದೆ.”

ಜಯಪ್ರಿಯಾ ಅವರನ್ನೇ ನೋಡಿದಳು. ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು ಪೇಪರ್ ಓದುತ್ತಿದ್ದ ಮನುಷ್ಯ ಎಣಿಸಿದ್ದರು. ಅವಳೇ ಎಣಿಸಿರಲಿಲ್ಲ.

ಶಿವಗಾಮಿ ಲೆಕ್ಕ ಹಾಕಿದರು. ಪ್ರೊಸೆಸರಿಗೆ ಇಷ್ಟು, ಕಾರ್ಡಿಗೆ ಇಷ್ಟು, ಡಿಸ್ಕು ಫ್ಯಾನುಗಳಿಗೆ ಇಷ್ಟು. ಎಲ್ಲ ಸೇರಿ ಮುನ್ನೂರ ಮೂವತ್ತರ ಆಸುಪಾಸು. “ಐನೂರೈವತ್ತು ವ್ಯಾಟ್ ಸಾಕು. ಆದರೆ ಅದು ನಿಜವಾದ ಐನೂರೈವತ್ತು ಆಗಿರಬೇಕು, ಹನ್ನೆರಡು ವೋಲ್ಟಿನ ದಾರಿಯಲ್ಲೇ ಹೆಚ್ಚುಕಮ್ಮಿ ಅಷ್ಟೂ ಸಿಗಬೇಕು. ಪ್ರೊಸೆಸರೂ ಕಾರ್ಡೂ ಉಣ್ಣೋದು ಅಲ್ಲಿಂದಲೇ.” ಅವರು ಒಂದು ಡಬ್ಬಿ ತೆಗೆದಿಟ್ಟರು. ಬೆಳಕಿಲ್ಲ, ಬಣ್ಣವಿಲ್ಲ, ಶಾಲೆಯ ಹೆಡ್‌ಮೇಷ್ಟ್ರ ಹಾಗೆ ಮಂಕು ಕಪ್ಪು. “ಏಳು ವರ್ಷ ವಾರಂಟಿ. ಹೆಚ್ಚು ಎಳೆದರೆ ತಾನೇ ನಿಲ್ಲುತ್ತೆ, ಕಾರ್ಡನ್ನ ಸುಡಲ್ಲ. ಇದೇ ಮಾಡೆಲ್ ಬಿಚ್ಚಿದ್ದು ಅಲ್ಲಿದೆ, ನೋಡ್ಕೊಳ್ಳಿ.”

ಕುಪ್ಪುಸಾಮಿ ನೋಡಿದರು. ಒಳಗೆ ಒತ್ತೊತ್ತಾಗಿ, ದಪ್ಪ ದಪ್ಪ ಸುರುಳಿ, ಅಗಲವಾದ ಲೋಹದ ರೆಕ್ಕೆ. ಶಿವಗಾಮಿ ಹೊಸ ಡಬ್ಬಿಯನ್ನು ಒಂದು ಪರೀಕ್ಷೆಯ ಯಂತ್ರಕ್ಕೆ ಕಟ್ಟಿ, ಭಾರ ಏರಿಸುತ್ತ ಹೋದರು. ಮುನ್ನೂರು, ನಾನೂರು, ಐನೂರು. ಮೀಟರಿನ ಮುಳ್ಳು ಹನ್ನೆರಡರ ಹತ್ತಿರ ಕೂತದ್ದು ಅಲ್ಲಾಡಲಿಲ್ಲ. “ಉಸಿರೂ ಏರಿಲ್ಲ,” ಅಂದರು ಕುಪ್ಪುಸಾಮಿ, ಮೆಲ್ಲಗೆ, ಗೌರವದಿಂದ.

ಇನ್ನು ಬೆಲೆಯ ಮಾತು. ಕುಪ್ಪುಸಾಮಿಯ ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಅದುಮಿ ಹೇಳುವುದು. ಆದರೆ ಎದುರಿಗಿರುವುದು ಹೆಂಗಸು. ಅವರು ಟವೆಲು ಬಿಡಿಸಿದರು, ಮಡಿಸಿದರು, ಮತ್ತೆ ಬಿಡಿಸಿದರು. ಕೊನೆಗೆ ಅದನ್ನು ಸೊಸೆಯ ಕೈಮೇಲೆ ಹಾಕಿ, ತಮಿಳು ಬಿಟ್ಟು, ಗುಟ್ಟಿಗೆಂದು ಮನೆಮಾತಾದ ಕನ್ನಡಕ್ಕೆ ಇಳಿದರು.

“ಕಣ್ಣೂ, ನೀನೇ ಕೈ ಹಾಕು. ಮೊದಲು ನಡುಬೆರಳು, ಹಿಡಿದ ಹಂಗೆ ಹಿಡಿದು ಬಿಡು. ಅವಳು ತಲೆ ಆಡಿಸ್ತಾಳೆ, ನೀನು ಎದ್ದು ಹೋಗೋಳ ಹಂಗೆ ಮಾಡು. ನೋಡೋಕೆ ಒಳ್ಳೆ ಮನಸ್ಸಿನವಳ ಹಂಗೆ ಕಾಣ್ತಾಳೆ. ಇಳೀತಾಳೆ.”

ಶಿವಗಾಮಿ ಟವೆಲಿನ ಕೆಳಗೆ ಕೈ ಚಾಚಿದರು. ಗಂಭೀರವಾಗಿ ಜಯಪ್ರಿಯಾಳ ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿದು ಒಮ್ಮೆ ಅದುಮಿದರು. ಆಮೇಲೆ ಅಚ್ಚ ಕನ್ನಡದಲ್ಲಿ, “ಮನಸ್ಸು ಒಳ್ಳೇದೇ ಅಣ್ಣಾ. ರೇಟು ಮಾತ್ರ ಇಳಿಯಲ್ಲ,” ಅಂದರು.

ಕುಪ್ಪುಸಾಮಿಯ ಮುಖ ನೋಡಬೇಕಿತ್ತು. ಜಯಪ್ರಿಯಾ ಟವೆಲನ್ನು ಬಾಯಿಗೆ ಒತ್ತಿಕೊಂಡಳು.

“ನಮ್ಮೂರು ನೆಗಮಂ. ನೇಯೋರ ಮನೆ,” ಅಂದರು ಶಿವಗಾಮಿ. “ಮನೇಲಿ ನಾವೂ ಇದೇ ಮಾತು. ನಿಮ್ಮದು ಹೊಲದ ಕಡೆ ಕನ್ನಡ, ಕೊಂಚ ಉದ್ದ ಎಳೀತೀರ. ಮೆಟ್ಟಿಲು ಹತ್ತೋವಾಗಲೇ ಗೊತ್ತಾಯ್ತು, ‘ಈ ಸಂದೀಲಿ ಯಾರು ಬದುಕ್ತಾರೆ’ ಅಂದ್ರಲ್ಲ.”

“ಅಯ್ಯೋ ತಂಗೀ,” ಅಂದರು ಕುಪ್ಪುಸಾಮಿ. ಸೊಸೆಯ ಕೈಯಿಂದ ಟವೆಲು ಎಳೆದುಕೊಂಡು ಹೆಗಲಿಗೆ ಹಾಕಿಕೊಂಡರು. ಬೆಲೆಯ ಮಾತು ಅಲ್ಲಿಗೇ ಮುಗಿಯಿತು. ತಂಗಿ ಅಂದ ಮೇಲೆ ಹೇಗೆ ಎಳೆದಾಡುವುದು?

ಡಬ್ಬಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದ ಶಿವಗಾಮಿ ತಟ್ಟನೆ ಕೈ ನಿಲ್ಲಿಸಿದರು. “ಒಂದು ಕೇಳೋದು ಮರೆತೆ. ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ಮೈ ಮುಟ್ಟಿದ್ರೆ ಜುಮ್ ಅನ್ನುತ್ತಾ?”

“ಅನ್ನುತ್ತೆ,” ಎಂದಳು ಜಯಪ್ರಿಯಾ. “ಕೆಲವು ತಿಂಗಳಿಂದ. ಅದಕ್ಕೇ ಚಪ್ಪಲಿ ಹಾಕ್ಕೊಂಡು ಕೂರ್ತೀನಿ. ಅತ್ತೆ ಬೈತಾರೆ.”

“ಹಂಗಾದ್ರೆ ನಿಮ್ಮ ಮನೇಲಿ ಅರ್ತ್ ಇಲ್ಲ. ಸೋರಿದ ಕರೆಂಟು ಭೂಮಿಗೆ ಇಳಿಯೋ ದಾರಿ ಕಟ್ಟಾಗಿದೆ. ಇವತ್ತು ಜುಮ್ ಅನ್ನುತ್ತೆ. ನಾಳೆ ಒಳಗೆ ಏನಾದ್ರೂ ಕೆಟ್ಟರೆ, ಮುಟ್ಟಿದೋರ ಮೈಯೇ ದಾರಿ ಆಗುತ್ತೆ. ಅದು ಸರಿ ಆಗದೆ ನಾನು ಈ ಡಬ್ಬಿ ಕೊಡಲ್ಲ.”

“ಕೊಡಲ್ವಾ?” ಜಯಪ್ರಿಯಾಳಿಗೆ ಅಳು ಬರುವ ಹಾಗಾಯಿತು. ಐದು ದಿನದಲ್ಲಿ ಒಂದು ಆಗಲೇ ಹೋಗಿತ್ತು.

ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದ ಮಾವ ಮಾತ್ರ ನಿಧಾನವಾಗಿ ತಲೆ ಆಡಿಸಿದರು. “ಸರಿಯಾಗಿ ಹೇಳ್ತಾಳೆ. ನಾನೂ ಒಳ್ಳೆ ಕರು ಕೊಡೋವಾಗ ಅವರ ಕೊಟ್ಟಿಗೆ ನೋಡ್ದೆ ಕೊಡ್ತಿರಲಿಲ್ಲ. ಎಷ್ಟೋ ವ್ಯಾಪಾರ ಹಂಗೇ ಮುರಿದೋಗಿದೆ.”

ಅದನ್ನು ಕೇಳಿ ಶಿವಗಾಮಿ ಕರಗಿದರು. ಪೆಟ್ಟಿಗೆಗೆ ಸುತ್ತ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಅಡ್ಡವಾಗಿ ತಮಿಳಿನಲ್ಲಿ ಸಹಿ ಹಾಕಿ, ಒಂದು ಷರತ್ತಿನ ಮೇಲೆ ಕೊಟ್ಟರು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಪರೀಕ್ಷೆಯ ಬಲ್ಬಿನ ಒಂದು ತಂತಿ ಕರೆಂಟಿಗೆ, ಇನ್ನೊಂದು ಅರ್ತ್‌ಗೆ ಹಿಡಿಸಬೇಕು. ಬಲ್ಬು ಚೆನ್ನಾಗಿ ಉರಿದರೆ ಫೋಟೋ ತೆಗೆದು ಕಳಿಸಬೇಕು. ಆಮೇಲೆ ಪಟ್ಟಿ ಕತ್ತರಿಸಬಹುದು. “ಅದಕ್ಕೂ ಮುಂಚೆ ಕತ್ತರಿಸಿದ್ರೆ ನನ್ನ ನಿಮ್ಮ ಸಂಬಂಧ ಮುಗೀತು ಅಣ್ಣಾ.”

ಮರುದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಭೂಪತಿ ಬಂದ. ಊರಿನ ಅರ್ಧ ಮನೆಗಳ ತಂತಿ ಎಳೆದವನು, ಅವಸರವಿಲ್ಲದ ಮನುಷ್ಯ. ಮುಂದಿನ ಕೋಣೆಯ ಪ್ಲಗ್ಗಿಗೆ ಬಲ್ಬು ಹಿಡಿದ. ಉರಿಯಲಿಲ್ಲ. ಅಡುಗೆಮನೆಯಲ್ಲೂ ಉರಿಯಲಿಲ್ಲ. ಮನೆಮಂದಿಯೆಲ್ಲ ಅವನ ಹಿಂದೆ ಮೀಟರಿನವರೆಗೆ ಹೋದರು. ಅಲ್ಲಿಂದ ಹಸಿರು ತಂತಿ ಗೋಡೆ ಹಿಡಿದು ಹಿತ್ತಲಿಗೆ ಇಳಿದಿತ್ತು. ಅದರ ಹಿಂದೆಯೇ ಹೋದರು. ಕೊಟ್ಟಿಗೆಯ ಮೂಲೆಯಲ್ಲಿ ತಂತಿ ಗಾಳಿಯಲ್ಲಿ ನೇತಾಡುತ್ತಿತ್ತು. ತುದಿಯಲ್ಲಿ ಏನೂ ಇಲ್ಲ.

“ಇಲ್ಲಿ ಒಂದು ಕಬ್ಬಿಣದ ರಾಡು ಇರಬೇಕು,” ಅಂದ ಭೂಪತಿ. “ಭೂಮಿಗೆ ಹೊಡೆದದ್ದು. ಎಲ್ಲಿ?”

“ಹಳೇ ಕಬ್ಬಿಣದವರು ಯಾರಾದ್ರೂ ಕದ್ದರೇನೋ,” ಎಂದ ಈಶ್ವರನ್. “ಕಾಲ ಹಂಗಿದೆ.”

“ಹಗಲೆಲ್ಲ ಮನೇಲಿ ಕೂರೋರಿಗೆ ಗೊತ್ತಿರಬೇಕಪ್ಪ,” ಅಂದರು ಬೆಳ್ಳಿಯಮ್ಮ, ಗಂಡನ ಕಡೆ ನೋಡುತ್ತ.

ಕುಪ್ಪುಸಾಮಿ ಹೆಗಲ ಟವೆಲು ಕೊಡವಿದರು. ಆಕಾಶ ನೋಡಿದರು. ಬೇವಿನ ಮರ ನೋಡಿದರು. ಅವರು ನೋಡದೆ ಬಿಟ್ಟ ಒಂದೇ ದಿಕ್ಕಿಗೆ ಜಯಪ್ರಿಯಾ ನೋಡಿದಳು. ಅಲ್ಲಿ ಕರು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಅದರ ಹಗ್ಗ ಕಟ್ಟಿದ್ದ ಗೂಟ ಮರದ್ದಲ್ಲ. ಸೊಗಸಾದ, ತುಕ್ಕು ಹಿಡಿಯದ, ತುದಿಯಲ್ಲಿ ಇನ್ನೂ ಒಂದು ಹಿತ್ತಾಳೆ ಬೋಲ್ಟು ಉಳಿದಿದ್ದ ಕಬ್ಬಿಣದ ರಾಡು.

“ಮಾವಾ,” ಎಂದಳು.

“ಅದು ಅಲ್ಲಿ ಸುಮ್ನೆ ನಿಂತಿತ್ತು ಕಣ್ಣು!” ಮಾವ ಒಮ್ಮೆಲೇ ಸ್ಫೋಟಿಸಿದರು. “ಯಾವ ಕೆಲಸಾನೂ ಮಾಡದೆ! ಮಳೆ ಬಂದು ಮಣ್ಣು ಸಡಿಲ ಆಗಿತ್ತು, ಎರಡು ಸಲ ಅಲ್ಲಾಡಿಸಿದ್ರೆ ಬಂತು. ಕರು ಮರದ ಗೂಟ ಮೂರು ಮುರಿದಿತ್ತು. ಒಳ್ಳೆ ಜಾತಿ ಕರು, ಎಳೆಯೋ ಶಕ್ತಿ ನಿಮಗೇನು ಗೊತ್ತು?”

ಈಶ್ವರನ್ ಮೂರು ದಿನದಿಂದ ತಿಂದ ಮಾತಿಗೆಲ್ಲ ಬಡ್ಡಿ ಸಿಕ್ಕಿದ ಹಾಗೆ ನಕ್ಕ. “ನಾನು ಸುಟ್ಟದ್ದು ಒಂದು ಡಬ್ಬಿ ಅಪ್ಪಾ. ನೀವು ಇಡೀ ಮನೇನೇ ಬಿಚ್ಚಿಟ್ಟಿದ್ದೀರಿ.” ಬೆಳ್ಳಿಯಮ್ಮ ನಗಲಿಲ್ಲ. ಇಷ್ಟು ತಿಂಗಳು ಸೊಸೆ ಚಪ್ಪಲಿ ಹಾಕಿಕೊಂಡು ಕೂತದ್ದಕ್ಕೆ ತಾನು ಬೈದದ್ದು ನೆನಪಾಗಿರಬೇಕು. ಅವಳ ಕೈ ಹಿಡಿದು, “ಏನಾದ್ರೂ ಆಗಿದ್ರೆ?” ಅಂದರು ಸಣ್ಣ ದನಿಯಲ್ಲಿ. ಆಗ ಕುಪ್ಪುಸಾಮಿ ಕರುವಿನ ಹಗ್ಗ ಬಿಚ್ಚಿ ಬೇವಿನ ಮರಕ್ಕೆ ಕಟ್ಟಿದರು. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡರು.

ಹಳೆಯ ರಾಡು ಸಾಲದು, ಆಳವೂ ಸಾಲದು ಅಂದ ಭೂಪತಿ. ಉದ್ದದ ಪೈಪು ತಂದು, ಗುಂಡಿ ತೋಡಿ, ಇದ್ದಲೂ ಉಪ್ಪೂ ಪದರ ಪದರವಾಗಿ ತುಂಬಿ, ನೀರು ಹಾಕಬೇಕು. ಗುಂಡಿ ತೋಡಲು ಆಳು ಕರೆಯುತ್ತೇನೆ ಅಂದರೆ ಕುಪ್ಪುಸಾಮಿ ಕೇಳಲಿಲ್ಲ. ಸವೆದ ಮಂಡಿಯಲ್ಲೇ ಇಳಿದು ಅಗೆದರು. ಅರ್ಧ ಗಂಟೆ ನೋಡುತ್ತ ನಿಂತಿದ್ದ ಈಶ್ವರನ್ ಅಂಗಿ ಬಿಚ್ಚಿ ಅವರನ್ನು ಮೇಲೆ ಕೂರಿಸಿ ತಾನು ಇಳಿದ. ಕೂತಲ್ಲಿಂದಲೇ ಅವರು, ಹಾಗೆ ಹಿಡಿಯಬೇಡ, ಹೀಗೆ ಹಿಡಿ ಎಂದು ಸಂಜೆಯವರೆಗೂ ಹೇಳಿಕೊಟ್ಟರು. ನಡುವೆ ಸತೀಶ್ ಕುಮಾರ್ ಫೋನ್ ಮಾಡಿ, ತನಗೂ ಆ ಡಬ್ಬಿ ಕೊಟ್ಟವನು ನಾಪತ್ತೆ, ಉಳಿದ ನಾಲ್ಕನ್ನೂ ಮೂಲೆಗೆ ಎಸೆದೆ ಎಂದು ಗೋಳಾಡಿದ. ಸಂಜೆ ಭೂಪತಿ ಬಲ್ಬು ಹಿಡಿದ. ಭಗ್ಗನೆ ಉರಿಯಿತು. ಜಯಪ್ರಿಯಾ ಫೋಟೋ ತೆಗೆದು ಕಳಿಸಿದಳು, ಕೆಳಗೆ ಮನೆಮಾತನ್ನೇ ತಮಿಳು ಅಕ್ಷರದಲ್ಲಿ ಬರೆದು: ‘ಅಕ್ಕಾ, ಕತ್ತರಿಸಲಾ?’ ಎರಡು ನಿಮಿಷದಲ್ಲಿ ಉತ್ತರ ಬಂತು: ‘ಕತ್ತರಿಸು.’

ಮರುದಿನ ಬೆಳಿಗ್ಗೆ ಹೊಸ ಡಬ್ಬಿ ಒಳಗೆ ಕೂತಿತು. ಸದ್ದಿಲ್ಲ, ಮಿನುಗಿಲ್ಲ. ಅದು ಓಡುತ್ತಿದೆಯೋ ಇಲ್ಲವೋ ಎಂದು ಕುಪ್ಪುಸಾಮಿ ಹಿಂದೆ ಕೈ ಇಟ್ಟು ಗಾಳಿ ನೋಡಿದರು. ಜಯಪ್ರಿಯಾ ಬರಿಗಾಲಲ್ಲಿ ಕೂತಳು. ಮೊದಲ ಅಂಗಿ ನಲವತ್ತು ನಿಮಿಷ ನಿಲ್ಲದೆ ಓಡಿ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯ ದಿನಕ್ಕೆ ಇಪ್ಪತ್ತು ಅಂಗಿಗಳು ಸಾಲಾಗಿ ತಿರುಗುತ್ತಿದ್ದವು. ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಬೀಡುಬಿಟ್ಟಿದ್ದರು.

“ಕಣ್ಣೂ, ಈ ಬೆಕ್ಕು ನೋಡು,” ಅಂದರು, ಹಸಿರು ಅಂಗಿಯೊಂದು ಬೆನ್ನು ತೋರಿಸಿದಾಗ. “ಮುಂದೆ ಮುಖ ಇದೆ. ಅಂಗಿ ತಿರುಗಿದ್ರೆ ಹಿಂದೆ ಬರೀ ಬಟ್ಟೆ. ಬಾಲ ಎಲ್ಲಿ?”

“ಹಿಂದೆ ಚಿತ್ರ ಹಾಕೋ ಪದ್ಧತಿ ಇಲ್ಲ ಮಾವ.”

“ಚಪ್ಪಟೆ ಇದ್ದಾಗ ಪದ್ಧತಿ ಇರ್ಲಿಲ್ಲ. ಈಗ ತಿರುಗುತ್ತಲ್ಲ.”

ಜಯಪ್ರಿಯಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಪರದೆಯನ್ನು ನೋಡಿದಳು. ಬೆಕ್ಕಿನ ಬೆನ್ನಿಗೆ, ಸೊಂಟದ ಹತ್ತಿರದಿಂದ ಮೇಲಕ್ಕೆ ಸುರುಳಿಯಾಗಿ, ಒಂದು ಬಾಲ ಬರೆದು ತಿರುಗಿಸಿದಳು. ಮುಖ ಬಂತು, ತೋಳು ಬಂತು, ಬಾಲ ಬಂತು. ಬಾಗಿಲಲ್ಲಿ ನಿಂತಿದ್ದ ಬೆಳ್ಳಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದೊಂದನ್ನು ಉಳಿದವುಗಳ ಜೊತೆ ಸೇರಿಸಿ, ಗಡುವಿನ ದಿನ ಮಧ್ಯಾಹ್ನ ಕಳಿಸಿದಳು.

ಎರಡು ದಿನ ಬಿಟ್ಟು ಸೆಲ್ವಕುಮಾರ್ ಫೋನ್ ಮಾಡಿದ. ಗಿರಾಕಿಗಳು ಬೆಕ್ಕು ನೋಡಿ ಕುಣಿದರಂತೆ. ಉಳಿದ ಎಲ್ಲ ಪ್ರಾಣಿಗಳಿಗೂ ಬಾಲ ಬೇಕಂತೆ, ಇನ್ನೂ ಇಪ್ಪತ್ತು ಹೊಸ ಪ್ರಾಣಿಗಳೂ ಬೇಕಂತೆ, ಎಲ್ಲಕ್ಕೂ ಬಾಲ ಸಮೇತ, ಹತ್ತು ದಿನದಲ್ಲಿ.

ಫೋನ್ ಇಟ್ಟು ಜಯಪ್ರಿಯಾ ಕಂಪ್ಯೂಟರ್ ಹಚ್ಚಿದಳು. ಕುಪ್ಪುಸಾಮಿ ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ಎಮ್ಮೆಯಿಂದ ಶುರುಮಾಡು,” ಅಂದರು. “ಎಮ್ಮೆ ಬಾಲದ ತುದಿ ಹೆಂಗೆ ಬೀಳುತ್ತೆ ಅಂತ ನಾನು ಹೇಳ್ತೀನಿ. ಹಸುವಿನ ಹಂಗೆ ಬರೀಬೇಡ, ನೋಡಿದೋರು ನಗ್ತಾರೆ.”